ಚಿತ್ರ ನೋಡಿ ಬಂದವರ ಮಾತು

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಸಿನಿಮಾದ ಪ್ರಸ್ತಾಪವೇಕೆಂದು ಹಿರಿಯರಲ್ಲಿ ಕೆಲವರು ಕೇಳಬಹುದು. ವಿದ್ಯೆ, ವಿನಯ, ಸೇವೆ ಮೊದಲಾದ ವಿಷಯಗಳಿಗೆ ಮೀಸಲಾದ ಪುಟಗಳಲ್ಲಿ ಚಲಚ್ಚಿತ್ರಕ್ಕೆ ಸ್ಥಾನವೆಲ್ಲಿಯದು ಎಂಬ ಆಕ್ಷೇಪಣೆಯು ಹೊಸದೇನೂ ಅಲ್ಲ. ಆದರೆ ನಮ್ಮ ಹೆಣ್ಣುಮಕ್ಕಳು ಸಿನಿಮಾ ನೋಡುತ್ತಿರುವರು. ನೋಡಿ ಬಂದು ಅದರ ವಿಷಯವಾಗಿ ಮಾತನಾಡುತ್ತಿರುವರು. ತಾಯಿತಂದೆಗಳೇ ಅವರನ್ನು ಕೈಹಿಡಿದು ಕರೆದೊಯ್ಯುತ್ತಿರುವರು. ಹೀಗಿರುವಲ್ಲಿ ನೋಡಬೇಕೇ ಬೇಡವೇ ಎಂಬ ಹಳೆಯ ವಾದವನ್ನು ಎಳೆದಾಡುವುದರಿಂದ ಪ್ರಯೋಜನವಿಲ್ಲ. ನೋಡಿದುದನ್ನು ಹೇಗೆ ತೂಗಬೇಕು, ತೂಗಿದ ಮೇಲೆ ಅಭಿಪ್ರಾಯವನ್ನು ಹೇಗೆ ಆಡಬೇಕು ಎಂಬುದೇ ಈಗ ವಿಚಾರಿಸತಕ್ಕ ವಿಷಯವೆಂದು ನಾವು ತಿಳಿದಿದ್ದೇವೆ.

ದಾವಣಗೆರೆಯ ಪ್ರೇಕ್ಷಕರು ಇಂದು ನಿನ್ನೆ ಹುಟ್ಟಿದ ಪ್ರೇಕ್ಷಕರಲ್ಲ. ಹತ್ತಿಯ ಗಿರಣಿಗಳ ಈ ಊರಿನಲ್ಲಿ ಹಗಲೆಲ್ಲ ದುಡಿದ ಜನರು ರಾತ್ರಿ ನಾಟಕದ ಡೇರೆಯ ಮುಂದೆ ನೆರೆಯುತ್ತಿದ್ದ ಕಾಲವೊಂದಿತ್ತು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯು ಈ ಊರಿನದೇ. ಅವರ ಮಗಳು ಚಿಂದೋಡಿ ಲೀಲಾ ಅವರು ರಂಗಭೂಮಿಯಲ್ಲಿ ದುಡಿದು ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅಂದಿನ ಪ್ರೇಕ್ಷಕನು ಹಾಡು ಚೆನ್ನಾಗಿದ್ದರೆ "ಒನ್ಸ್ ಮೋರ್" ಎಂದು ಕೂಗುತ್ತಿದ್ದನು, ಚೆನ್ನಾಗಿಲ್ಲದಿದ್ದರೆ ಎದ್ದು ಹೋಗುತ್ತಿದ್ದನು. ಅಭಿಪ್ರಾಯವು ನಟನ ಮುಖದೆದುರಿಗೇ ಪ್ರಕಟವಾಗುತ್ತಿತ್ತು. ೧೯೩೪ರಲ್ಲಿ 'ಸತೀ ಸುಲೋಚನಾ' ಎಂಬ ಮೊದಲ ಕನ್ನಡ ವಾಕ್ಚಿತ್ರವು ತೆರೆಗೆ ಬಂದಿತು. ಅಲ್ಲಿಂದ ಮುಂದೆ ನಟನು ಪ್ರೇಕ್ಷಕನ ಮಾತನ್ನು ಕೇಳಲಾರದವನಾದನು. ಪ್ರೇಕ್ಷಕರು ತಮ್ಮತಮ್ಮಲ್ಲೇ ಆಡಿಕೊಳ್ಳತೊಡಗಿದರು. ಅಶೋಕ, ತ್ರಿಶೂಲ್, ಗೀತಾಂಜಲಿ ಎಂಬ ಚಿತ್ರಮಂದಿರಗಳ ಹೆಸರು ನಮ್ಮವರಿಗೆ ದಾರಿ ತೋರಿಸುವಾಗಲೂ ಬಾಯಿಗೆ ಬರುವುದೆಂದರೆ, ಸಿನಿಮಾದ ಮಾತು ಈ ಊರಿನಲ್ಲಿ ಎಷ್ಟು ಆಳಕ್ಕೆ ಬೇರುಬಿಟ್ಟಿದೆಯೆಂಬುದು ತಿಳಿಯದಿರದು.

ಈಚಿನ ವರ್ಷಗಳಲ್ಲಿ ಈ ಮಾತಿನ ರೀತಿ ಬದಲಾಗಿದೆ. ೨೦೨೨ರ ಏಪ್ರಿಲಿನಲ್ಲಿ ಬಂದ 'ಕೆ.ಜಿ.ಎಫ್.' ಚಿತ್ರದ ಎರಡನೆಯ ಭಾಗವು ಸಾವಿರ ಕೋಟಿ ರೂಪಾಯಿಗಳಿಗೂ ಹೆಚ್ಚು ಗಳಿಸಿತು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಬಂದ 'ಕಾಂತಾರ'ವು ಕರಾವಳಿಯ ದೈವಾರಾಧನೆಯನ್ನು ದೇಶದ ಮುಂದಿಟ್ಟಿತು. ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ೨೦೨೫ರ ಅಕ್ಟೋಬರ್ ೨ರಂದು ಅದರ ಪೂರ್ವಕಥೆಯೂ ಬಂದಿತು. ಕನ್ನಡದ ಚಿತ್ರಗಳನ್ನು ದೇಶವೆಲ್ಲ ನೋಡುವಂತಾದುದು ನಮಗೂ ಅಭಿಮಾನದ ವಿಷಯವೇ. ಆದರೆ ಇವುಗಳನ್ನು ನೋಡಿ ಬಂದವರನ್ನು ಹೇಗಿತ್ತೆಂದು ಕೇಳಿದರೆ, ಮೊದಲು ಬರುವ ಉತ್ತರವು ಗಳಿಕೆಯ ಲೆಕ್ಕ. ಮೊದಲ ದಿನ ಎಷ್ಟು, ಮೊದಲ ವಾರ ಎಷ್ಟು ಎಂಬುದನ್ನು ಎಂಟನೆಯ ತರಗತಿಯ ಬಾಲಿಕೆಯೂ ಒಪ್ಪಿಸುವಳು. ಬಟ್ಟೆಯಂಗಡಿಯವನ ಆ ದಿನದ ವ್ಯಾಪಾರವನ್ನು ಕೇಳಿಕೊಂಡು ಸೀರೆಯ ನೇಯ್ಗೆಯನ್ನು ಯಾವ ಗೃಹಿಣಿಯೂ ತೀರ್ಮಾನಿಸುವುದಿಲ್ಲ; ಬೆರಳಿನಿಂದ ಮುಟ್ಟಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಚಿತ್ರದ ವಿಷಯದಲ್ಲಿ ಮಾತ್ರ ಆ ಬುದ್ಧಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುವುದೇಕೆ?

ಲೆಕ್ಕವನ್ನು ಬಿಟ್ಟು ಇನ್ನೊಮ್ಮೆ ಕೇಳಿದರೆ ನಿಜವಾದ ಅಭಿಪ್ರಾಯಗಳು ಹೊರಬೀಳುತ್ತವೆ. ಅವು ಬಹಳ ಚೆನ್ನಾಗಿಯೂ ಇರುತ್ತವೆ. ತರುಣರು ಮೈ ಜುಂ ಎಂದಿತು ಎನ್ನುವರು. ತೆರೆಯ ವೈಭವವನ್ನೂ ಛಾಯಾಗ್ರಹಣವನ್ನೂ ಕೊಂಡಾಡುವರು. ತಾಯಂದಿರು ಶಬ್ದದ ಆರ್ಭಟಕ್ಕೆ ತಲೆನೋವು ಬಂದಿತೆನ್ನುವರು. ಹೊಡೆದಾಟ ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಆರಂಭವಾಯಿತೆನ್ನುವರು. ನಮ್ಮ ಶಾಲೆಯಿಂದ ಹೊರಬಿದ್ದು ಉದ್ಯೋಗದಲ್ಲಿರುವ ಸೋದರಿಯರು ಇನ್ನೊಂದು ಪ್ರಶ್ನೆಯನ್ನು ಎತ್ತುವರು: ಇಷ್ಟು ದೊಡ್ಡ ಕಥೆಯಲ್ಲಿ ಹೆಣ್ಣಿಗೆ ಮಾಡಲು ಕೆಲಸವೇನಿತ್ತು? 'ಕೆ.ಜಿ.ಎಫ್.'ನಲ್ಲಿ ನಾಯಕನ ಬಾಳನ್ನು ನಡೆಸುವುದು ತಾಯಿಯ ಮಾತೇ ಹೌದು; ಆದರೆ ತಾಯಿಯು ಬಹುಬೇಗ ನೆನಪಾಗಿ ಉಳಿಯುವಳು. ಇದು ಕೊಂಕಿನ ಮಾತಲ್ಲ, ಗಮನವಿಟ್ಟು ನೋಡಿದವರ ಮಾತು. ಇಂಥ ಮಾತಿಗಿರುವ ಬೆಲೆ ಗಳಿಕೆಯ ಅಂಕಿಗಳಿಗೆ ಎಂದಿಗೂ ಬಾರದು.

ಪ್ರೇಕ್ಷಕರ ಮಾತಿಗೆ ಬೆಲೆ ಮಾತ್ರವಲ್ಲ, ಬಲವೂ ಉಂಟೆಂಬುದಕ್ಕೆ ೨೦೨೫ರ ಜುಲೈ ೨೫ರ ದಿನವೇ ಸಾಕ್ಷಿ. ಆ ಒಂದೇ ದಿನ ಎರಡು ಚಿತ್ರಗಳು ತೆರೆಕಂಡವು. ಒಂದು, ಜೆ.ಪಿ. ತುಮಿನಾಡ್ ಅವರು ನಿರ್ದೇಶಿಸಿದ 'ಸು ಫ್ರಮ್ ಸೋ'. ಊರಿನ ತರುಣನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬವಳ ಪ್ರೇತ ಬಂದಿದೆಯೆಂಬ ಗುಲ್ಲು ಹಬ್ಬಿ, ಅದರಿಂದ ನಗೆಯೂ ಕೊನೆಗೆ ವಿವೇಕವೂ ಹುಟ್ಟುವ ಕಥೆ. ಇನ್ನೊಂದು, ಅಶ್ವಿನ್ ಕುಮಾರ್ ಅವರ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಚಿತ್ರ. ನಟರೇ ಇಲ್ಲದೆ, ಗಣಕಯಂತ್ರದಲ್ಲಿ ರಚಿಸಿದ ರೂಪಗಳಿಂದ ಪ್ರಹ್ಲಾದನ ಕಥೆಯನ್ನು ಹೇಳುವಂಥದು. ದೊಡ್ಡ ತಾರೆಯ ಹೆಸರನ್ನು ಎರಡೂ ನೆಚ್ಚಿರಲಿಲ್ಲ. ನೋಡಿ ಬಂದವರು ನೆರೆಯವರಿಗೆ ಹೇಳಿದರು, ನೆರೆಯವರು ನೆಂಟರಿಗೆ ಹೇಳಿದರು. ಹೀಗೆ ಬಾಯಿಂದ ಬಾಯಿಗೆ ಹಬ್ಬಿದ ಮಾತೇ ಎರಡನ್ನೂ ಎತ್ತಿ ಹಿಡಿಯಿತು. ಮೊದಲ ಕನ್ನಡ ವಾಕ್ಚಿತ್ರದ ಹೆಸರಿನಲ್ಲಿದ್ದವಳೂ ಸುಲೋಚನೆಯೇ. ತೊಂಬತ್ತೊಂದು ವರ್ಷಗಳ ಅನಂತರ ನಾಡನ್ನು ನಗಿಸಿದ ಹೆಸರೂ ಸುಲೋಚನೆಯದೇ. ಆಕೆ ಇಂದ್ರಜಿತುವಿನ ಸತಿ. ಈಕೆ ಹಳ್ಳಿಯವರ ಬಾಯಲ್ಲಿ ಪ್ರೇತವಾದ ಸಾಮಾನ್ಯಳು. ಸಾಮಾನ್ಯಳ ಕಥೆಗೂ ಜನ ಮರುಳಾಗಬಲ್ಲರೆಂಬುದನ್ನು ಪ್ರೇಕ್ಷಕರೇ ತೋರಿಸಿಕೊಟ್ಟರು.

ಬಲವಿದ್ದಲ್ಲಿ ಹೊಣೆಯೂ ಇರಬೇಕಷ್ಟೆ. ಈ ಹೊಣೆಯು ಅನಿಮೇಷನ್ ಚಿತ್ರಗಳ ವಿಷಯದಲ್ಲಿ ಹೆಚ್ಚಿನದೆಂದು ನಮ್ಮ ಅಭಿಪ್ರಾಯ. 'ಮಹಾವತಾರ ನರಸಿಂಹ'ವನ್ನು ನೋಡಲು ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಹೋದರು. ಕೆಲವೆಡೆ ಪಾದರಕ್ಷೆಗಳನ್ನು ಕಳಚಿಟ್ಟು ಕುಳಿತರು, ಭಜನೆಗೆ ಚಪ್ಪಾಳೆ ತಟ್ಟಿದರು. ಅವರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ ಕಥೆಯ ಮೇಲಿನ ಭಕ್ತಿಯು ಬೇರೆ, ಚಿತ್ರದ ಗುಣದೋಷಗಳ ವಿಚಾರವು ಬೇರೆ. ೧೯೮೩ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪುವಾಗಿ ರಾಜಕುಮಾರರನ್ನೂ ಪ್ರಹ್ಲಾದನಾಗಿ ಬಾಲಕ ಪುನೀತನನ್ನೂ ಕಂಡ ಹಿರಿಯರು, ಗಣಕಯಂತ್ರದ ಮುಖಗಳಲ್ಲಿ ಆ ಕಣ್ಣುಗಳ ಬೆಂಕಿಯೂ ಆ ಮಗುವಿನ ಮುಗ್ಧತೆಯೂ ಕಾಣಲಿಲ್ಲವೆನ್ನುವರು. ಮಕ್ಕಳಾದರೋ ಕಂಬವನ್ನೊಡೆದು ಬರುವ ನರಸಿಂಹನ ಆ ವಿಸ್ತಾರವನ್ನು ಯಾವ ನಟನೂ ತೋರಿಸಲಾರನೆನ್ನುವರು. ಇಬ್ಬರ ಮಾತೂ ಸತ್ಯವೇ. ಮನುಷ್ಯನ ಮುಖದಿಂದ ಆಗುವ ಕೆಲಸವೊಂದು, ರೇಖೆಯಿಂದ ಆಗುವ ಕೆಲಸ ಮತ್ತೊಂದು.

ಇಲ್ಲಿ ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಅನಿಮೇಷನ್ ಎಂದೊಡನೆ ಅದು ಮಕ್ಕಳ ಚಿತ್ರವೆಂದು ತಿಳಿಯುವುದು ಸರಿಯಲ್ಲ. ೧೯೮೮ರಲ್ಲಿ ಜಪಾನಿನಲ್ಲಿ ತಯಾರಾದ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಎಂಬ ಚಿತ್ರವು ಯುದ್ಧಕಾಲದಲ್ಲಿ ಹಸಿವಿನಿಂದ ಸಾಯುವ ಅಣ್ಣತಂಗಿಯರ ಕಥೆ. ದೊಡ್ಡವರೇ ಕಣ್ಣೀರು ತಡೆಯಲಾರರು. ಸರಕಾರವು ೨೦೨೪ರ ನಿಯಮಗಳಿಂದ ಯು.ಎ. ಎಂಬ ಪ್ರಮಾಣಪತ್ರವನ್ನು ಏಳು, ಹದಿಮೂರು, ಹದಿನಾರು ಎಂಬ ವಯಸ್ಸುಗಳಿಗೆ ತಕ್ಕಂತೆ ಮೂರಾಗಿ ವಿಂಗಡಿಸಿದೆ. ಇದು ನಿಷೇಧವಲ್ಲ, ತಾಯಿತಂದೆಗಳಿಗೆ ಇತ್ತ ಎಚ್ಚರಿಕೆ. ಒಳಗೆ ಕರೆದೊಯ್ಯಬೇಕೇ ಎಂಬ ತೀರ್ಮಾನವನ್ನು ಕಾನೂನು ನಿಮ್ಮ ವಿವೇಕಕ್ಕೇ ಬಿಟ್ಟಿದೆ. ಟಿಕೆಟಿನ ಬೆಲೆಯ ವಿಚಾರದಲ್ಲಿ ನಾವೆಲ್ಲರೂ ಚರ್ಚೆ ಮಾಡಿದೆವು. ೨೦೨೫ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ೨೦೦ ರೂಪಾಯಿಗಳ ಮಿತಿಯನ್ನು ವಿಧಿಸಿದಾಗ ಸಂತೋಷಿಸಿದೆವು, ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಅದಕ್ಕೆ ಮಧ್ಯಂತರ ತಡೆ ನೀಡಿದಾಗ ಗೊಣಗಿದೆವು. ಟಿಕೆಟಿನ ಮೇಲೆ ಮುದ್ರಿತವಾದ ಬೆಲೆಯನ್ನು ಓದುವಷ್ಟೇ ಶ್ರದ್ಧೆಯಿಂದ ಪ್ರಮಾಣಪತ್ರದ ಆ ಅಂಕಿಯನ್ನೂ ಓದಿದ್ದರೆ, ನಡುರಾತ್ರಿ ಬೆಚ್ಚಿ ಏಳುವ ಎಷ್ಟೋ ಮಕ್ಕಳು ನೆಮ್ಮದಿಯಾಗಿ ಮಲಗುತ್ತಿದ್ದರು.

ಇನ್ನೊಂದು ಕೊರತೆಯನ್ನು ಹೇಳದೆ ಈ ಲೇಖನವು ಪೂರ್ಣವಾಗದು. ಅದು ಭಾಷೆಯ ಕೊರತೆ. ೨೦೨೩ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರವು ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಾಗ ಕನ್ನಡವೂ ಅವುಗಳಲ್ಲೊಂದಾಗಿತ್ತು. ಆದರೆ ೨೦೨೪ರ ಕೊನೆಯಲ್ಲಿ 'ಮುಫಾಸಾ' ಸಿಂಹದ ಕಥೆ ಬಂದಾಗ ಅದು ಇಂಗ್ಲಿಷಿನೊಡನೆ ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತನಾಡಿತೇ ಹೊರತು ಕನ್ನಡದಲ್ಲಿ ಮಾತನಾಡಲಿಲ್ಲ. ಹರಿಹರದ ಕಾರ್ಖಾನೆಯ ಕಾರ್ಮಿಕನ ಮಗಳು ಸಿಂಹದ ಮರಿಯ ದುಃಖವನ್ನು ಪರಭಾಷೆಯಲ್ಲಿ ಅರ್ಧಮರ್ಧ ಕೇಳಿ ಬರಬೇಕಾಯಿತು. ನಮ್ಮ ನಟರಿಗೂ ಕುಶಲಕರ್ಮಿಗಳಿಗೂ ಕೆಲಸ ಉಳಿಯಲೆಂದು ೧೯೬೦ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗನ್ನು ತಡೆದಿದ್ದ ಹಿರಿಯರ ಉದ್ದೇಶವು ಒಳ್ಳೆಯದೇ ಆಗಿತ್ತು. ಎಳೆಯ ಗಿಡಕ್ಕೆ ಬೇಲಿ ಬೇಕಾಗಿತ್ತು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯು ನ್ಯಾಯವಲ್ಲವೆಂದು ತೀರ್ಪಿತ್ತಿತು. ಬೇಲಿ ಹೋಗಿದೆ, ಆದರೂ ಮಕ್ಕಳ ಚಿತ್ರಗಳು ಕನ್ನಡದಲ್ಲಿ ಬೇಕೆಂದು ಕೇಳುವವರ ಧ್ವನಿ ಮಾತ್ರ ಇನ್ನೂ ಸಣ್ಣದು. ಪ್ರೇಕ್ಷಕರು ಕೇಳದುದನ್ನು ವ್ಯಾಪಾರಿಗಳು ತಾವಾಗಿ ಕೊಡುವರೇ?

ಪರರ ಚಿತ್ರಗಳು ಕನ್ನಡದಲ್ಲಿ ಬಂದರಷ್ಟೇ ಸಾಲದು. ನಮ್ಮ ಕಥೆಗಳಿಗೇ ನಾವು ರೇಖೆಯ ರೂಪವನ್ನು ಕೊಡಬೇಕು. ಭಾರತದಲ್ಲಿ ಈ ವಿದ್ಯೆಯನ್ನು ಕ್ರಮವಾಗಿ ಕಲಿಸಲು ಬಂದವರಲ್ಲಿ ಮೊದಲಿಗರು ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಎಂಬವರು, ಭಾರತದಲ್ಲಿ ಸೇವೆಗೈದ ಮಿಷನರಿ ದಂಪತಿಗಳ ಮಗ. ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನಲ್ಲಿ ಅವರ ಶಿಷ್ಯರು ೧೯೫೭ರಲ್ಲಿ 'ದಿ ಬನಿಯನ್ ಡೀರ್' ಎಂಬ ಚಿತ್ರವನ್ನು ರಚಿಸಿದರು. ಪರದೇಶದಿಂದ ಬಂದ ಗುರುವು ತನ್ನ ಊರಿನ ಕಥೆಯನ್ನು ಹೇರದೆ, ಗರ್ಭಿಣಿಯಾದ ಜಿಂಕೆಗಾಗಿ ತನ್ನ ಕೊರಳನ್ನೊಡ್ಡಿದ ಮೃಗರಾಜನ ಜಾತಕಕಥೆಯನ್ನೇ ಆರಿಸಿಕೊಂಡನೆಂಬುದು ಮನನೀಯ. ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಮರಳಿದ ಪುಣ್ಯಕೋಟಿಯ ಕಥೆಯೂ ಅದೇ ಬಳ್ಳಿಯ ಹೂವು. ಬೆಂಗಳೂರಿನ ರವಿಶಂಕರ್ ಅವರು ೨೦೨೦ರಲ್ಲಿ ಅದನ್ನು ಅನಿಮೇಷನ್ ಚಿತ್ರವಾಗಿ ಹೊರತಂದರು, ಆದರೆ ಸಂಸ್ಕೃತದಲ್ಲಿ. ಅವರ ಸಾಹಸವು ಸ್ತುತ್ಯವಾದುದು. ಕನ್ನಡದ ಕರುವು ಕನ್ನಡದಲ್ಲಿಯೇ ತಾಯಿಯನ್ನು ಕರೆಯುವ ದಿನವೂ ಬರಲೆಂದು ಹಾರೈಸಿದರೆ ತಪ್ಪಾಗದು. ೨೦೨೫ರಲ್ಲಿ ಚೀನೀಯರು ತಮ್ಮದೇ ಪುರಾಣದ ಬಾಲಕನ ಕಥೆಯನ್ನು 'ನೆ ಝಾ ೨' ಎಂದು ತಮ್ಮದೇ ಭಾಷೆಯಲ್ಲಿ ರಚಿಸಿ, ಪ್ರಪಂಚದ ಎಲ್ಲ ಅನಿಮೇಷನ್ ಚಿತ್ರಗಳಿಗಿಂತ ಹೆಚ್ಚಿನ ಗಳಿಕೆಯನ್ನು ಕಂಡರು.

ಕಥೆಗಾಗಿ ನಾವು ದೂರ ಹೋಗಬೇಕಾಗಿಯೂ ಇಲ್ಲ. ತುಂಗಭದ್ರೆಯ ದಡದಲ್ಲಿ ಹೊಯ್ಸಳರ ಕಾಲದಲ್ಲಿ, ೧೨೨೪ರಲ್ಲಿ, ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರನ ಗುಡಿಯ ಸ್ಥಳಪುರಾಣವನ್ನು ನೆನೆಯೋಣ. ಹರಿಯಿಂದಲೂ ಹರನಿಂದಲೂ ತನಗೆ ಸಾವು ಬಾರದಿರಲೆಂದು ಗುಹಾಸುರನು ವರವನ್ನು ಪಡೆದನು; ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ನಿಗ್ರಹಿಸಿದರು. ಹಿರಣ್ಯಕಶಿಪುವಿನ ವರದ ಸಂದಿನಿಂದ ನರಸಿಂಹನು ಬಂದಂತೆಯೇ ಇದೂ ಅಲ್ಲವೇ? ಅದಕ್ಕಿಂತಲೂ ಒಂದು ಹೆಚ್ಚಿನ ಗುಣ ಇದರಲ್ಲುಂಟು: ಬೇರೆಬೇರೆಯೆಂದು ಜನರು ಜಗಳವಾಡುವ ಎರಡು ಹೆಸರುಗಳು ಇಲ್ಲಿ ಒಂದೇ ಮೂರ್ತಿಯಾಗಿ ನಿಂತಿವೆ. ನಾನಾ ಮತಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಓದುವ ಶಾಲೆಯವರಾದ ನಮಗೆ ಈ ಕಥೆಯ ರುಚಿಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಚಿತ್ರಕಲೆಯಲ್ಲಿ ಕೈ ಪಳಗಿದ ನಮ್ಮ ವಿದ್ಯಾರ್ಥಿನಿಯರಲ್ಲೊಬ್ಬಳು ಮುಂದೊಂದು ದಿನ ಅದನ್ನು ಬರೆಯಬಾರದೇಕೆ? ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳು, ಒಂದು ನಿಮಿಷಕ್ಕೆ ಸಾವಿರದ ನಾನೂರ ನಲವತ್ತು. ಕಸೂತಿಯ ತಾಳ್ಮೆಯುಳ್ಳ ಕೈಗಳಿಗೆ ಇದು ಅಸಾಧ್ಯವೇನಲ್ಲ.

ಆದುದರಿಂದ ಪೂರ್ವ ವಿದ್ಯಾರ್ಥಿನಿಯರಾದ ಸೋದರಿಯರೇ, ತಾಯಿತಂದೆಗಳೇ, ನಮ್ಮ ಬಿನ್ನಹವಿಷ್ಟು. ಚಿತ್ರ ನೋಡಿ ಬಂದ ಮಗಳನ್ನು ಚೆನ್ನಾಗಿತ್ತೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿರಿ. ಯಾವುದು ಚೆನ್ನಾಗಿತ್ತು, ಏಕೆ ಚೆನ್ನಾಗಿತ್ತು ಎಂದು ಕೇಳಿರಿ. ಅದರಲ್ಲಿ ಹುಡುಗಿಯರು ಏನು ಮಾಡಿದರು, ಯಾವುದಕ್ಕೆ ಹೆದರಿಕೆಯಾಯಿತು, ಒಂದು ತಿಂಗಳ ಮೇಲೂ ಯಾವುದು ನೆನಪಿನಲ್ಲಿರುವುದು ಎಂದು ಕೇಳಿರಿ. ಆಕೆಯ ಉತ್ತರವು ನಿಮ್ಮದಕ್ಕಿಂತ ಬೇರೆಯಾಗಿದ್ದರೆ ಬಾಯಿ ಮುಚ್ಚಿಸಬೇಡಿರಿ. ಕಾರಣವನ್ನು ಮಾತ್ರ ತಪ್ಪದೆ ಕೇಳಿರಿ. ಸಿನಿಮಾದ ವಿಷಯದಲ್ಲಿ ಕಾರಣ ಕೊಟ್ಟು ಮಾತನಾಡಲು ಕಲಿತ ಹುಡುಗಿಯು ನಾಳೆ ತನ್ನ ಓದು, ಉದ್ಯೋಗ, ವಿವಾಹಗಳ ವಿಷಯದಲ್ಲಿಯೂ ಕಾರಣ ಕೊಟ್ಟು ಮಾತನಾಡುವಳು. ನಾಲ್ಕು ಜನ ಮೆಚ್ಚಿದರೆಂದು ತಾನೂ ಮೆಚ್ಚಬೇಕಾಗಿಲ್ಲವೆಂಬ ಧೈರ್ಯವನ್ನು ನಮ್ಮ ಮಕ್ಕಳು ಪಡೆಯಲಿ. ಆ ಧೈರ್ಯವು ಯಾವ ಕೋಟಿಯ ಲೆಕ್ಕಕ್ಕೂ ಸಿಕ್ಕುವಂಥದಲ್ಲ.