ಅಗ್ಗದ ಹಾಡೂ ಅಳಿದ ಹೆಸರೂ

ಅಗ್ಗದ ಸರಕಿಗೆ ಮನಸೋಲದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಧಕ್ಕೆಯಲ್ಲಿ ಬಂಗುಡೆಯ ಬೆಲೆ ಇಳಿಯಿತೆಂದು ಕೇಳಿ ಚೀಲ ಹಿಡಿದು ಹೊರಡುವ ಗೃಹಸ್ಥನಿಗೂ, ಹಳೆಯ ಪುಸ್ತಕಗಳ ರಾಶಿಯ ಮುಂದೆ ಮೊಣಕಾಲೂರಿ ಕುಳಿತ ವಿದ್ವಾಂಸನಿಗೂ ಈ ವಿಷಯದಲ್ಲಿ ಹೆಚ್ಚಿನ ಅಂತರವಿಲ್ಲ. ನನ್ನ ಚಪಲ ಸಂಗೀತದ್ದು. ರಾತ್ರಿ ಊಟವಾಗಿ ಮನೆಮಂದಿಯೆಲ್ಲ ಮಲಗಿದ ಮೇಲೆ ಅಂತರಜಾಲದ ಮಳಿಗೆಗಳನ್ನು ಹೊಕ್ಕು, ಬೆಲೆ ಇಳಿಸಿದ ಧ್ವನಿಮುದ್ರಿಕೆಗಳನ್ನೂ, ಹತ್ತಿಪ್ಪತ್ತು ಮುದ್ರಿಕೆಗಳನ್ನು ಒಂದೇ ಕಟ್ಟಾಗಿ ಮಾರುವ ‘ಬಾಕ್ಸ್ ಸೆಟ್’ಗಳನ್ನೂ ಅರಸುವುದು ನನಗೆ ಬಹುಕಾಲದಿಂದ ಅಂಟಿಕೊಂಡ ಚಟ. ಪೆಟ್ಟಿಗೆಯೆಂಬುದು ಈಗ ಹೆಸರಿಗೆ ಮಾತ್ರ. ಅದಕ್ಕೆ ರಟ್ಟೂ ಇಲ್ಲ, ಮುಚ್ಚಳವೂ ಇಲ್ಲ. ಆದರೂ ಅದನ್ನು ತೆರೆಯುವಾಗಿನ ಉತ್ಸಾಹಕ್ಕೆ ಯಾವ ಕೊರತೆಯೂ ಇಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಈ ಬೇಟೆಗೂ ಒಂದು ಶಾಸ್ತ್ರವುಂಟು. ಹಾಡುಗಳನ್ನು ಎಣಿಸಬಾರದು, ಗಂಟೆಗಳನ್ನು ಎಣಿಸಬೇಕು ಎಂಬುದು ಅದರ ಮೊದಲನೆಯ ಸೂತ್ರ. 2003ರಲ್ಲಿ ಅಮೆರಿಕದಲ್ಲಿ ಆಪಲ್ ಸಂಸ್ಥೆಯ ಐಟ್ಯೂನ್ಸ್ ಮಳಿಗೆ ತೆರೆದಾಗ ಹಾಡೊಂದಕ್ಕೆ 99 ಸೆಂಟು ಎಂಬ ಬೆಲೆ ಗೊತ್ತಾಯಿತು. ಮೂರು ನಾಲ್ಕು ನಿಮಿಷದ ಗೀತೆಯನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಈ ಅಳತೆಗೋಲಿಗೆ ನಮ್ಮ ರಾಗವಿಸ್ತಾರದ ಪರಿವೆಯಿಲ್ಲ. ಮಲ್ಲಿಕಾರ್ಜುನ ಮನ್ಸೂರರ ದೀರ್ಘವಾದ ಖ್ಯಾಲೂ ಅದರ ಲೆಕ್ಕಕ್ಕೆ ಒಂದು ‘ಹಾಡು’. ಗಂಟೆಗೆ ಸಮೀಪವಾದ ರಾಗ-ತಾನ-ಪಲ್ಲವಿಯೂ ಒಂದು ‘ಹಾಡು’. ಕೆಲವು ಮಳಿಗೆಗಳವರು ಈ ಗುಟ್ಟನ್ನರಿತು, ನೀಳವಾದ ಕೃತಿಗಳನ್ನು ಬಿಡಿಯಾಗಿ ಮಾರುವುದಿಲ್ಲವೆಂದು ಕಟ್ಟು ಮಾಡಿದರು. ಉಳಿದೆಡೆಗಳಲ್ಲಿ ತಾಳ್ಮೆಯುಳ್ಳ ರಸಿಕನಿಗೆ ಸುಗ್ಗಿಯೇ ಸರಿ.

ಎರಡನೆಯ ಸೂತ್ರ ಕಾಗುಣಿತದ್ದು. ಈ ಮಳಿಗೆಗಳ ಪಟ್ಟಿಗಳು ಬಹುಮಟ್ಟಿಗೆ ರೋಮನ್ ಲಿಪಿಯವು. ‘ತಾಳಮದ್ದಳೆ’ ಎಂಬ ಒಂದು ಶಬ್ದವನ್ನು ಆ ಲಿಪಿಯಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೆಂದು ವಿದ್ಯಾರ್ಥಿಗಳು ಒಮ್ಮೆ ಯತ್ನಿಸಿ ನೋಡಲಿ. ನಮ್ಮ ಳಕಾರಕ್ಕೂ ದಕಾರದ ಒತ್ತಿಗೂ ಅಲ್ಲಿ ಗತಿಯಿಲ್ಲ. ಹತ್ತು ಬಗೆಯ ಅಕ್ಷರಗಳಲ್ಲಿ ಅರಸಿದರೆ ಹನ್ನೊಂದನೆಯದರಲ್ಲಿ ಬೇಕಾದ ಸರಕು ಅಡಗಿ ಕುಳಿತಿರುತ್ತದೆ.

ಮೂರನೆಯ ಸೂತ್ರ ನಾದದ ಸಾಂದ್ರತೆಗೆ ಸಂಬಂಧಿಸಿದ್ದು. ಸೀಡಿಯ ಮೇಲಿನ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್ಟುಗಳಷ್ಟು. ಅದನ್ನೇ 128ಕ್ಕೆ ಹಿಂಡಿ ಎಂಪಿತ್ರೀ ಕಡತವಾಗಿಸಿದರೆ ಉಳಿಯುವುದು ಹನ್ನೊಂದರಲ್ಲಿ ಒಂದು ಪಾಲು. 700 ಮೆಗಾಬೈಟಿನ ಒಂದು ತಟ್ಟೆಯಲ್ಲಿ ಹನ್ನೆರಡು ಗಂಟೆಯ ಸಂಗೀತ ಅಡಕವಾಗುವುದು ಈ ಹಿಂಡುವಿಕೆಯಿಂದ. ಹಿಂಡಿದಾಗ ಮೊದಲು ಸೊರಗುವುದು ತಂಬೂರಿಯ ಝೇಂಕಾರ ಮತ್ತು ತಾಳದ ಕೊನೆಯ ಅನುರಣನ. ಹಾಗೆ ಸೊರಗಿಸದೆ ಮಡಚಿಡುವ ‘ಫ್ಲ್ಯಾಕ್’ ಎಂಬ ವಿಧಾನವೂ 2001ರಿಂದ ಬಳಕೆಯಲ್ಲಿದೆ. ಅದೇ ಬೆಲೆಗೆ ಅದು ಸಿಗುವಲ್ಲಿ ಬೇರೆಯದನ್ನು ಕೊಳ್ಳುವುದು ಅವಿವೇಕ.

ನಮ್ಮ ಸಂಗೀತ ಪೆಟ್ಟಿಗೆ ಸೇರತೊಡಗಿ ಶತಮಾನ ದಾಟಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನಿನ ಮುಂದೆ ಹಾಡಿದಾಗ ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಮಾತ್ರ ಅವಕಾಶವಿತ್ತು. ಅಷ್ಟರೊಳಗೆ ರಾಗದ ಮೂರ್ತಿಯನ್ನು ಕಡೆದು ನಿಲ್ಲಿಸಿದ ಆ ಗಾಯಕಿ 1930ರಲ್ಲಿ ನಮ್ಮ ಮೈಸೂರಿನಲ್ಲಿ ಕಣ್ಮುಚ್ಚಿದರು. 1948ರಲ್ಲಿ ದೀರ್ಘಾವಧಿಯ ತಟ್ಟೆ ಬಂತು. 1963ರಲ್ಲಿ ಕ್ಯಾಸೆಟ್ಟು ಹುಟ್ಟಿತು. ನಮ್ಮ ಕರಾವಳಿಯ ಮಟ್ಟಿಗೆ ಯುಗವನ್ನು ಬದಲಿಸಿದ್ದು ಈ ಕ್ಯಾಸೆಟ್ಟೇ. ಗಲ್ಫಿನಿಂದ ಬಂದ ಟೇಪ್ ರೆಕಾರ್ಡರು ಮನೆಮನೆಯ ಚಾವಡಿಯನ್ನು ಸೇರಿದ ಆ ವರ್ಷಗಳಲ್ಲಿ ಇರುಳಿಡೀ ನಡೆಯುವ ತಾಳಮದ್ದಳೆಗೂ, ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಗೀತೆಗಳಿಗೂ ಹೊಸದೊಂದು ಆಯುಷ್ಯ ದೊರೆಯಿತು. 1990ರಲ್ಲಿ, ಹರೆಯದಲ್ಲಿಯೇ, ಅಪಘಾತಕ್ಕೆ ತುತ್ತಾದ ಭಾಗವತ ಕಾಳಿಂಗ ನಾವಡರ ಕಂಠವನ್ನು ಅವರ ಕಾಲದ ಬಳಿಕ ಹುಟ್ಟಿದ ಹುಡುಗರೂ ಇಂದು ಗುರುತಿಸಬಲ್ಲರಾದರೆ, ಅದು ಆ ಪ್ಲಾಸ್ಟಿಕ್ಕಿನ ಪುಟ್ಟ ಪೆಟ್ಟಿಗೆಗಳ ಪುಣ್ಯ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವುಂಟು. ನನ್ನ ಮನೆಯ ಸಮೀಪ, ಕದ್ರಿಯ ಇಳಿಜಾರಿನಲ್ಲಿ, ವೃದ್ಧರಾದ ಒಬ್ಬ ಮದ್ದಳೆಗಾರರಿದ್ದಾರೆ. ಮೇಳದ ತಿರುಗಾಟವನ್ನು ಬಿಟ್ಟು ಬಹಳ ವರ್ಷವಾಯಿತು. ಈಗ ಕೈಬೆರಳುಗಳು ಮಡಚುವುದೂ ಕಷ್ಟ. ಕಳೆದ ಆಷಾಢದ ಒಂದು ಇರುಳು ನನ್ನ ಬೇಟೆಯಲ್ಲಿ ‘ಕರ್ಣಪರ್ವ’ದ ಒಂದು ತಾಳಮದ್ದಳೆ ದೊರೆಯಿತು. ಮೂರು ಗಂಟೆಯ ಪ್ರಸಂಗಕ್ಕೆ ಹದಿನೈದು ರೂಪಾಯಿ. ಇಷ್ಟು ಲಾಭದ ವ್ಯಾಪಾರ ನನಗೂ ಅಪರೂಪವೇ. ಮರುದಿನ ಸಂಜೆ ಅವರು ನಮ್ಮ ಜಗಲಿಗೆ ಬಂದಾಗ ಹೆಮ್ಮೆಯಿಂದ ಅದನ್ನು ಕೇಳಿಸಿದೆ. ಎರಡು ಪದ್ಯ ಮುಗಿಯಿತು. ಮೂರನೆಯದು ತೊಡಗುವ ಮೊದಲು ಟಕ್ ಟಕ್ ಎಂದು ಎರಡು ಸಣ್ಣ ಪೆಟ್ಟುಗಳು ಕೇಳಿಬಂದುವು. ಅವರು ತಲೆಯೆತ್ತಿ, “ಇದು ನಾನೇ” ಎಂದರು. ಧ್ವನಿಮುದ್ರಣ ನಡೆದದ್ದು ಜಡಿಮಳೆಯ ದಿನ. ತಂಡಿಗೆ ಮದ್ದಳೆಯ ಶ್ರುತಿ ಇಳಿದುದರಿಂದ ಸುತ್ತಿಗೆಯಿಂದ ಬಾರುಗಳನ್ನು ತಟ್ಟಿ ಏರಿಸಬೇಕಾಯಿತಂತೆ. ಆ ಸದ್ದನ್ನು ಯಾರೂ ತೆಗೆಯಲಿಲ್ಲ. ನಾಲ್ಕು ದಶಕಗಳ ತರುವಾಯ ಅದೇ ಅವರ ರುಜುವಾಗಿ ಉಳಿದಿತ್ತು.

ನಾನು ಉತ್ಸಾಹದಿಂದ ಆ ಕಡತದ ವಿವರಗಳನ್ನು ತೆರೆದು ನೋಡಿದೆ. ಕಲಾವಿದರು ಎಂಬಲ್ಲಿ ‘ವೇರಿಯಸ್ ಆರ್ಟಿಸ್ಟ್ಸ್’ ಎಂದಷ್ಟೇ ಇತ್ತು. ಭಾಗವತರ ಹೆಸರಿಲ್ಲ, ಅರ್ಥಧಾರಿಗಳ ಹೆಸರಿಲ್ಲ. ಮದ್ದಳೆಯವರ ಮಾತು ದೂರವೇ ಉಳಿಯಿತು. ಕ್ಯಾಸೆಟ್ಟಿನ ಹೊದಿಕೆಯ ಚೀಟಿಯಲ್ಲಿ ಅವರ ಹೆಸರು ಇರುವೆಯ ಸಾಲಿನಂಥ ಅಕ್ಷರಗಳಲ್ಲಾದರೂ ಇತ್ತು; ಅದನ್ನು ಅವರು ಮಗಳ ಮದುವೆಯ ಹೊತ್ತಿನಲ್ಲಿ ಬೀಗರಿಗೆ ತೋರಿಸಿದ್ದುಂಟಂತೆ. ಈಗ ಸ್ವಲ್ಪ ಹೊತ್ತು ಸುಮ್ಮನಿದ್ದು, ನಗುತ್ತಲೇ ಹೇಳಿದರು: “ನನ್ನ ಮದ್ದಳೆ ಮಾತ್ರ ಉಂಟು ಮಾಷ್ಟ್ರೇ, ನಾನು ಇಲ್ಲ.”

ಆ ಮಾತು ನನ್ನನ್ನು ಕೆಲವು ದಿನ ಕಾಡಿತು. ಇದು ಯಾರೋ ಒಬ್ಬ ಗುಮಾಸ್ತನ ಅಲಕ್ಷ್ಯವೆಂದು ಮೊದಲು ಎಣಿಸಿದ್ದೆ. ವಿಚಾರಿಸಿ ನೋಡಿದರೆ ದೋಷದ ಬೇರು ಇನ್ನೂ ಆಳಕ್ಕೆ ಹೋಗಿದೆ. ಎಂಪಿತ್ರೀ ಕಡತದ ತುದಿಗೆ ವಿವರವನ್ನು ಅಂಟಿಸುವ ಪದ್ಧತಿ 1996ರಲ್ಲಿ ಬಂತು. ಅದಕ್ಕೆ ಕೊಟ್ಟ ಜಾಗ ಒಟ್ಟು 128 ಬೈಟು. ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದನಿಗೆ 30, ಮುದ್ರಿಕೆಗೆ 30, ವರ್ಷಕ್ಕೆ 4. ಮನೆತನ, ಊರು, ಬಿರುದುಗಳೊಡನೆ ಬರುವ ನಮ್ಮ ಒಬ್ಬ ಭಾಗವತರ ಹೆಸರಿಗೇ ಸಾಲದ ಆ ಸ್ಥಳದಲ್ಲಿ ಚೆಂಡೆ, ಮದ್ದಳೆ, ಚಕ್ರತಾಳದವರು ನಿಲ್ಲುವುದಾದರೂ ಎಲ್ಲಿ? 1998ರಲ್ಲಿ ಬಂದ ಎರಡನೆಯ ಪದ್ಧತಿಯಲ್ಲಿ ಜಾಗಕ್ಕೆ ಬರವಿಲ್ಲ. ಕನ್ನಡ ಲಿಪಿಗೂ ಅಲ್ಲಿ ಎಡೆಯುಂಟು, ಪಕ್ಕವಾದ್ಯದವರಿಗೂ ಉಂಟು. ಆದರೆ ಇಕ್ಕಟ್ಟಿನ ಮನೆಯಲ್ಲಿ ಕಲಿತ ಅಭ್ಯಾಸ ವಿಶಾಲವಾದ ಮನೆಗೆ ಬಂದರೂ ಬಿಡುವುದಿಲ್ಲ. ನೂರು ಕ್ಯಾಸೆಟ್ಟುಗಳನ್ನು ಒಂದೇ ಉಸುರಿಗೆ ಕಡತಗಳಾಗಿಸಿ ಅಗ್ಗದ ಕಟ್ಟು ಕಟ್ಟುವವನು ಹೊದಿಕೆಯ ಚೀಟಿಯನ್ನು ಓದುವ ಶ್ರಮವನ್ನು ಉಳಿಸುತ್ತಾನೆ. ನಮಗೆ ಸಿಗುವ ಅಗ್ಗದಲ್ಲಿ ಈ ಉಳಿತಾಯವೂ ಒಂದು ಪಾಲು.

ಅಗ್ಗವಾದ ಮಾತ್ರಕ್ಕೆ ಹೀಗಾಗಬೇಕೆಂಬ ನಿಯಮವೇನೂ ಇಲ್ಲ. 2016ರಲ್ಲಿ, ಮೊಜಾರ್ಟ್ ತೀರಿಕೊಂಡು 225 ವರ್ಷ ತುಂಬಿದಾಗ, ಅವನ ಕೃತಿಗಳನ್ನೆಲ್ಲ 200 ಸೀಡಿಗಳ ಒಂದೇ ಪೆಟ್ಟಿಗೆಯಾಗಿ ಹೊರತಂದರು. ಜತೆಗೆ ಗಟ್ಟಿರಟ್ಟಿನ ಎರಡು ಪುಸ್ತಕಗಳನ್ನೂ ಕೊಟ್ಟರು. ಸಂಗೀತದೊಡನೆ ಅದರ ಇತಿಹಾಸವನ್ನೂ ಒಪ್ಪಿಸುವುದು ಮಾರುವವನ ಕರ್ತವ್ಯವೆಂದು ಅಲ್ಲಿ ತಿಳಿದಿದ್ದಾರೆ. ನಮ್ಮಲ್ಲಿ ಕಾನೂನೂ ಅದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಶಾಸನಕ್ಕೆ 2012ರಲ್ಲಿ ಮಾಡಿದ ತಿದ್ದುಪಡಿಯಂತೆ, ಹಾಡಿದವನಿಗೂ ನುಡಿಸಿದವನಿಗೂ ತನ್ನ ಹೆಸರಿನಿಂದ ಗುರುತಿಸಲ್ಪಡುವ ಹಕ್ಕುಂಟು. ಉಳಿದ ಹಕ್ಕುಗಳನ್ನು ಬರೆದುಕೊಟ್ಟಿದ್ದರೂ ಈ ಹಕ್ಕು ಅವನಲ್ಲಿಯೇ ಉಳಿಯುತ್ತದೆ. ಬಳಸುವ ರೀತಿಯಿಂದಲೇ ಹೆಸರು ಹೇಳುವುದು ಅಸಾಧ್ಯವಾದಾಗ ಮಾತ್ರ ವಿನಾಯಿತಿ. ವಿವರದ ಕೋಣೆಯನ್ನು ಬರಿದೇ ಬಿಟ್ಟವರಿಗೆ ಆ ವಿನಾಯಿತಿ ಸಲ್ಲುವುದೆಂದು ನನಗೆ ತೋರುವುದಿಲ್ಲ. ಆದರೆ ಹದಿನೈದು ರೂಪಾಯಿಯ ಕಡತಕ್ಕಾಗಿ ಕೋರ್ಟಿನ ಮೆಟ್ಟಲು ಹತ್ತುವ ಮದ್ದಳೆಗಾರ ಯಾರು?

ಅಗ್ಗದ ಸರಕಿಗೆ ಇನ್ನೊಂದು ಅಪಾಯವೂ ಉಂಟು. ಅಂಗಡಿಯೇ ಮಾಯವಾದರೆ ಏನು ಗತಿ? ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ‘ಫ್ಲೈಟ್’ ಎಂಬ ಸಂಗೀತದ ಮಳಿಗೆಯನ್ನು ತೆರೆಯಿತು. ಕೆಲವೇ ರೂಪಾಯಿಗಳಿಗೆ ಹಾಡು ದೊರೆಯುತ್ತಿತ್ತು. ಮರುವರ್ಷ, 2013ರ ಜೂನಿನಲ್ಲಿ, ಅದು ಮುಚ್ಚಿತು. ಕದ್ದ ಹಾಡು ಉಚಿತವಾಗಿ ಸಿಗುವ ನಾಡಿನಲ್ಲಿ ಕೊಳ್ಳುವವರು ಸಾಕಷ್ಟು ಬರಲಿಲ್ಲ. ಗೂಗಲಿನವರ ಸಂಗೀತದ ಮಳಿಗೆಯೂ 2020ರಲ್ಲಿ ಬಾಗಿಲು ಹಾಕಿತು. ಇನ್ನು ಚಂದಾ ತೆತ್ತು ಕೇಳುವ ಪದ್ಧತಿಯಲ್ಲಂತೂ ನಮ್ಮದೆಂಬುದು ಯಾವುದೂ ಇಲ್ಲ. ಚಂದಾ ನಿಂತ ದಿನ ಸಂಗೀತವೂ ನಿಲ್ಲುತ್ತದೆ. ಆದುದರಿಂದ ಕೊಂಡ ಕಡತವನ್ನು ಆ ದಿನವೇ ಇಳಿಸಿಕೊಂಡು ಎರಡು ಕಡೆ ಕಾಪಿಡುವವನೇ ಜಾಣ. ನಾನೂ ಇದನ್ನು ಪಾಠ ಕಲಿತೇ ಅರಿತವನು.

ಹಾಗಾದರೆ ಅಗ್ಗದ ಸಂಗೀತವನ್ನು ಕೊಳ್ಳಬಾರದೇ ಎಂದು ವಿದ್ಯಾರ್ಥಿ ಮಿತ್ರರು ಕೇಳಿಯಾರು. ಖಂಡಿತವಾಗಿ ಕೊಳ್ಳಬೇಕು. ಕಚೇರಿಗೆ ಹೋಗಲು ಬಸ್ಸಿನ ಚಾರ್ಜಿಗೂ ಲೆಕ್ಕ ಹಾಕುವ ಹುಡುಗನಿಗೆ ಗಂಗೂಬಾಯಿ ಹಾನಗಲ್ಲರ ಗಾನ ಒಂದು ಚಹದ ಬೆಲೆಗೆ ದೊರೆಯುವುದು ನಾಗರಿಕತೆಯ ದೊಡ್ಡ ಲಾಭ. ನಮ್ಮ ಶಾಸನದಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ. ಕವಿಯ ಹಕ್ಕು ಬೇರೆ, ಅದು ಅವನ ಮರಣಾನಂತರ 60 ವರ್ಷ ಉಳಿಯುತ್ತದೆ. ಇವೆರಡೂ ಮುಗಿದ ಹಳೆಯ ಗಾನವನ್ನು ಹಣವಿಲ್ಲದೆಯೂ ಕೇಳಬಹುದು. ಬದುಕಿರುವ ಕಲಾವಿದನ ಮುದ್ರಿಕೆಯಾದರೆ ಅವನ ಕೈಗೆ ಹಣ ತಲಪುವ ದಾರಿಯನ್ನು ಆರಿಸಬೇಕು. ‘ಬ್ಯಾಂಡ್‌ಕ್ಯಾಂಪ್’ ಎಂಬ ಮಳಿಗೆ ಡಿಜಿಟಲ್ ಮುದ್ರಿಕೆಗೆ ನೂರರಲ್ಲಿ ಸುಮಾರು ಹದಿನೈದರ ಪಾಲನ್ನು ತಾನಿಟ್ಟುಕೊಳ್ಳುತ್ತದೆ. 2020ರ ಮಾರ್ಚಿನಲ್ಲಿ, ಕಚೇರಿಗಳು ನಿಂತ ಕಾಲದಲ್ಲಿ, ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುವ ಕ್ರಮವನ್ನು ತೊಡಗಿಸಿತು. ಅಗ್ಗವೂ ನ್ಯಾಯವೂ ಜತೆಯಾಗಿ ನಡೆಯಬಲ್ಲುವೆಂಬುದಕ್ಕೆ ಇದು ಸಾಕ್ಷಿ.

ಹೆಸರಿನ ಮಾತು ಬರಿಯ ಸೌಜನ್ಯದ್ದೆಂದು ಯಾರೂ ತಿಳಿಯಬಾರದು. ಅದು ವಿದ್ಯೆಯ ಮಾತು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಸಂಗೀತೋತ್ಸವದಲ್ಲಿ ನುಡಿಸಿ, 2019ರಲ್ಲಿ ಅಗಲಿದ ನಮ್ಮ ಕದ್ರಿ ಗೋಪಾಲನಾಥರ ವಾದನವನ್ನು ಎ. ಕನ್ಯಾಕುಮಾರಿಯವರ ಪಿಟೀಲನ್ನು ಮರೆತು ಅರ್ಥಮಾಡಿಕೊಳ್ಳುವುದು ಹೇಗೆ? ಶೇಣಿ ಗೋಪಾಲಕೃಷ್ಣ ಭಟ್ಟರ ಮಾತಿಗೆ ಎದುರು ಯಾರ ಮಾತಿತ್ತೆಂದು ತಿಳಿಯದಿದ್ದರೆ ಆ ವಾದದ ಸೊಗಸು ಅರ್ಧಕ್ಕರ್ಧ ನಷ್ಟವಾಯಿತು. ನಾಳೆ ನಮ್ಮ ಹಿಮ್ಮೇಳದ ಚರಿತ್ರೆಯನ್ನು ಬರೆಯಹೊರಡುವ ವಿದ್ಯಾರ್ಥಿಗೆ ನಾದ ಹೇರಳವಾಗಿ ಸಿಕ್ಕೀತು, ನುಡಿಸಿದವನು ಸಿಕ್ಕಲಾರನು.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲಿಯೇ ಉಂಟು. ಕ್ಯಾಸೆಟ್ಟುಗಳು ಬೂಷ್ಟು ಹಿಡಿದರೂ ಅವುಗಳ ಹೊದಿಕೆಯ ಚೀಟಿಗಳು ಇನ್ನೂ ನಮ್ಮ ಅಟ್ಟಗಳಲ್ಲಿವೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ, ನೆರೆಮನೆಯ ಚೀಟಿಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ: ಪ್ರಸಂಗ, ಭಾಗವತರು, ಚೆಂಡೆ, ಮದ್ದಳೆ, ಅರ್ಥಧಾರಿಗಳು ಮತ್ತು ಅವರ ಪಾತ್ರ, ವರ್ಷ. ಅಧ್ಯಾಪಕರು ಅದನ್ನು ತಿದ್ದಲಿ. ಕು.ಶಿ. ಹರಿದಾಸ ಭಟ್ಟರು ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಜಾನಪದ ರಂಗಕಲೆಗಳಿಗಾಗಿ ಕಟ್ಟಿದ ಕೇಂದ್ರವಿದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಯಕ್ಷಗಾನ ಅಧ್ಯಯನ ಕೇಂದ್ರವಿದೆ. ಪಟ್ಟಿಯ ಒಂದೊಂದು ಪ್ರತಿ ಅಲ್ಲಿಗೆ ಸೇರಲಿ. ಕಡತವನ್ನು ಕೊಂಡವರು ತಮ್ಮ ಪ್ರತಿಯಲ್ಲಿ ಬರಿದಾದ ಕೋಣೆಗಳನ್ನು ತಾವೇ ತುಂಬಲಿ, ಕನ್ನಡ ಲಿಪಿಯಲ್ಲಿಯೇ ತುಂಬಲಿ. ಮಾರುವವರಿಗೂ ಒಂದು ಕಾಗದ ಬರೆದು ತಿಳಿಸಲಿ. ಹತ್ತು ನಿಮಿಷದ ಕೆಲಸವಿದು; ಹದಿನೈದು ರೂಪಾಯಿಗೆ ಮೂರು ಗಂಟೆಯ ಗಾನ ಪಡೆದವನು ಸಲ್ಲಿಸಬೇಕಾದ ಬಾಕಿ.

ನನ್ನ ಬಾಕಿಯನ್ನು ನಾನು ಆ ವಾರವೇ ಸಲ್ಲಿಸಿದೆ. ಮದ್ದಳೆಗಾರರ ಮನೆಗೆ ಹೋಗಿ ಆ ಚೀಟಿಯನ್ನು ನೋಡಿ, ಇದ್ದ ಹೆಸರುಗಳನ್ನೆಲ್ಲ ಕಡತದೊಳಗೆ ಸೇರಿಸಿದೆ. ಅವರು ಕನ್ನಡಕವನ್ನು ಒರೆಸಿಕೊಂಡು ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು. ತಮ್ಮ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದನ್ನು ತೋರಿಸಿ, ತಿದ್ದಿಸಿ, ಆಮೇಲೆ ಹಾಡು ಹಾಕಲು ಹೇಳಿದರು.