ಮಾತ್ರೆಗೂ ಹಾಜರಿ ಪುಸ್ತಕ ಬೇಕು

ಮೊನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. "ಮೇಷ್ಟ್ರೇ, ತಲೆನೋವೆಂದರೆ ನಿಮ್ಮ ಮೇಜಿನ ಖಾನೆಯಿಂದ ಮಾತ್ರೆ ಕೊಡುತ್ತಿದ್ದಿರಲ್ಲ, ಈಗ ನನ್ನ ಬ್ಯಾಗಿನಲ್ಲಿಯೇ ಸದಾ ಇರುತ್ತದೆ" ಎಂದು ನಕ್ಕಳು. ತಿಂಗಳಿಗೆ ಎಷ್ಟು ದಿನ ನುಂಗುತ್ತೀಯಮ್ಮ ಎಂದೆ. ಲೆಕ್ಕವಿಟ್ಟಿರಲಿಲ್ಲ. "ಇಪ್ಪತ್ತು ದಿನವಿರಬಹುದು" ಎಂದಾಗ ನನಗೆ ನಗು ಬರಲಿಲ್ಲ. ಆ ಅಭ್ಯಾಸದ ಮೊದಲ ಪಾಠವನ್ನು ನಾನೇ ಹೇಳಿಕೊಟ್ಟೆನೇನೋ ಎಂಬ ಅಳುಕು ಇಂದಿಗೂ ಹೋಗಿಲ್ಲ.

ಅರೆತಲೆನೋವು ಬಂದವರಿಗೆ "ಸ್ವಲ್ಪ ತಡೆದುಕೋ" ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ನೋವು ಏರಿದಂತೆ ಜಠರದ ಚಲನೆ ನಿಧಾನವಾಗುತ್ತದೆ. ತಡವಾಗಿ ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದೂ ತಡ. ಆದ್ದರಿಂದ ವೈದ್ಯರು ಹೇಳಿದ ಪ್ರಮಾಣವನ್ನು ನೋವಿನ ಆರಂಭದಲ್ಲಿಯೇ ತೆಗೆದುಕೊಳ್ಳುವುದು ಲೇಸು. ವಾಂತಿಯಿದ್ದರೆ ಅದನ್ನು ತಡೆಯುವ ಔಷಧವನ್ನೂ ಅವರು ಜೊತೆಗೆ ಕೊಡುತ್ತಾರೆ.

ಹಾಗೆಂದು ಮಾತ್ರೆ ಸಂಜೀವಿನಿಯಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಮೀಕ್ಷೆಗಳ ಪ್ರಕಾರ, ಎರಡು ಗಂಟೆಯೊಳಗೆ ನೋವು ಪೂರ್ತಿ ಇಳಿದದ್ದು 1000 ಮಿಲಿಗ್ರಾಂ ಆಸ್ಪಿರಿನ್ ಪಡೆದ ನೂರು ಜನರಲ್ಲಿ ಸುಮಾರು 24 ಮಂದಿಗೆ, 100 ಮಿಲಿಗ್ರಾಂ ಸುಮಾಟ್ರಿಪ್ಟಾನ್ ಪಡೆದವರಲ್ಲಿ ಸುಮಾರು 32 ಮಂದಿಗೆ. ಔಷಧವೇ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲಿಯೂ 11 ಮಂದಿಗೆ ಇಳಿದಿತ್ತು. ಔಷಧದಿಂದ ಲಾಭವಿದೆ, ಆದರೆ ಎಲ್ಲರಿಗೂ ಇಲ್ಲ.

ಅಪಾಯವೂ ಎಲ್ಲರಿಗೂ ಒಂದೇ ಅಲ್ಲ. ಆಸ್ಪಿರಿನ್ ಹೊಟ್ಟೆಹುಣ್ಣು ಇರುವವರಿಗೆ ಸಲ್ಲದು, ಮಕ್ಕಳಿಗಂತೂ ಕೊಡಲೇಬಾರದು. ಟ್ರಿಪ್ಟಾನ್‌ಗಳು ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ಹೃದ್ರೋಗವಿದ್ದವರು, ಪಾರ್ಶ್ವವಾಯು ಆಗಿದ್ದವರು, ಹತೋಟಿಗೆ ಬಾರದ ರಕ್ತದೊತ್ತಡವಿರುವವರು ಅವನ್ನು ಮುಟ್ಟಬಾರದು. ಪಕ್ಕದ ಮನೆಯವರಿಗೆ ಒಗ್ಗಿತೆಂದು ಎರವಲು ಪಡೆಯುವ ವಸ್ತುವಲ್ಲ ಇದು.

ಎಲ್ಲಕ್ಕಿಂತ ಮೋಸದ್ದು ಅತಿಬಳಕೆಯ ತಲೆನೋವು. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್, ಎರ್ಗಟಮೈನ್ ಇಲ್ಲವೇ ಹಲವು ಔಷಧಗಳು ಬೆರೆತ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ಬಳಸಿದರೆ, ನೋವು ಕಳೆಯಲು ಬಂದ ಮಾತ್ರೆಯೇ ನೋವನ್ನು ಸಾಕತೊಡಗುತ್ತದೆ. ನೋವಿಗೆ ಮಾತ್ರೆ, ಮಾತ್ರೆಯಿಂದ ನೋವು. ಸಾಲಕ್ಕೆ ಬಡ್ಡಿ ಬೆಳೆದಂತೆ.

ನಾನು ಆಕೆಗೆ ಹೇಳಿದ್ದು ಇಷ್ಟೇ: ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೊಂದು ಗುರುತು ಹಾಕು, ಆ ಹಾಳೆಯೊಡನೆ ನರರೋಗ ತಜ್ಞರನ್ನು ಕಾಣು. ನೋವು ಬಾರದಂತೆ ತಡೆಯುವ ಔಷಧಗಳು ಬೇರೆಯೇ ಇವೆ. ಬೇಕೋ ಬೇಡವೋ ಎಂಬುದನ್ನು ಅವರು ನಿರ್ಧರಿಸಲಿ. ಮೂವತ್ತು ವರ್ಷ ನಿಮ್ಮ ಹಾಜರಿ ತೆಗೆದುಕೊಂಡವನು ನಾನು. ಈಗ ನೀವು ನಿಮ್ಮ ಮಾತ್ರೆಗಳ ಹಾಜರಿ ತೆಗೆದುಕೊಳ್ಳಿ.