ಬಿಡುಗಡೆಯ ನಂತರದ ನ್ಯಾಯ

ಮಳೆ ಕೈಕೊಟ್ಟ ವರ್ಷಗಳಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಬಡ ಕುಟುಂಬಗಳು ಕೂಲಿ ಅರಸಿ ಊರು ಬಿಡುವುದು ಹೊಸತಲ್ಲ. ಆದರೆ ಮಧ್ಯವರ್ತಿ ಕೊಟ್ಟ ಮುಂಗಡವೇ ಸಂಕೋಲೆಯಾಗಿ, ಕೂಲಿ ಕೇಳುವ, ಮನೆಗೆ ಮರಳುವ ಸ್ವಾತಂತ್ರ್ಯ ಇಲ್ಲವಾದಾಗ ಅದು ವಲಸೆಯಲ್ಲ. ಮಾನವ ಕಳ್ಳಸಾಗಣೆ ಮತ್ತು ಜೀತ. ಸಂವಿಧಾನದ 23ನೆಯ ವಿಧಿ ಎರಡನ್ನೂ ನಿಷೇಧಿಸಿದೆ.

‘ಹಣ ಪಡೆದು ಒಪ್ಪಿಯೇ ಹೋದವರಲ್ಲವೇ?’ ಎನ್ನುವವರಿದ್ದಾರೆ. ಕಾನೂನು ಈ ವಾದವನ್ನು ಮನ್ನಿಸುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಂತೆ ಕಳ್ಳಸಾಗಣೆಯ ಅಪರಾಧವನ್ನು ನಿರ್ಣಯಿಸುವಾಗ ಸಂತ್ರಸ್ತರ ಒಪ್ಪಿಗೆ ಗಣನೆಗೆ ಬಾರದು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನೇ ಅಳಿಸಿಹಾಕಿದೆ. ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಹೊಣೆ ಸಾಲ ಕೊಟ್ಟವನದೇ.

ಬಿಡಿಸಿ ತಂದರೆ ಕರ್ತವ್ಯ ಮುಗಿಯಿತೇ? ಪುನರ್ವಸತಿಯಿಲ್ಲದ ಬಿಡುಗಡೆ ಸಂತ್ರಸ್ತರನ್ನು ಮತ್ತೆ ಬಡತನಕ್ಕೂ ಜೀತಕ್ಕೂ ದೂಡುತ್ತದೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿಯೇ ನೀರಜಾ ಚೌಧರಿ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಜೀತದಿಂದ ಪಾರಾದವರ ಪುನರ್ವಸತಿಗೆ ಮುಖ್ಯ ಆಧಾರ ಬಿಡುಗಡೆ ಪತ್ರ. ಕೇಂದ್ರದ ಯೋಜನೆಯಂತೆ ತಕ್ಷಣದ ನೆರವು 30,000 ರೂಪಾಯಿವರೆಗೆ ದೊರೆಯುತ್ತದೆ. ಒಟ್ಟು ನೆರವು ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರಿಗೆ ಹಾಗೂ ಮಕ್ಕಳಿಗೆ 2 ಲಕ್ಷ. ಕಳ್ಳಸಾಗಣೆ ಅಥವಾ ಲೈಂಗಿಕ ಶೋಷಣೆಯಿಂದ ಪಾರಾದ ಮಹಿಳೆಯರು, ಮಕ್ಕಳಿಗೆ 3 ಲಕ್ಷ ರೂಪಾಯಿ. ಆದರೆ ಪೂರ್ಣ ಮೊತ್ತವನ್ನು ನ್ಯಾಯಿಕ ಪ್ರಕ್ರಿಯೆಯ ಫಲಕ್ಕೆ ಜೋಡಿಸಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಮೊಕದ್ದಮೆ ಎಳೆದಷ್ಟೂ ಹಸಿದವರು ಕಾಯಬೇಕು. ಹಳೆಯ ಮಧ್ಯವರ್ತಿ ಹೊಸ ಮುಂಗಡದೊಡನೆ ಬಾಗಿಲಿಗೆ ಬರುವುದು ಇಂಥ ಹೊತ್ತಿನಲ್ಲಿಯೇ.

ಕಾಯುವವರಿಗೆ ಬೇರೆ ಆಸರೆಗಳೂ ಉಂಟು. ಕಳ್ಳಸಾಗಣೆಗೆ, ಬಿಟ್ಟಿ ದುಡಿಮೆಗೆ ಬಲಿಯಾದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಅಪರಾಧಿಯ ಸುಳಿವೇ ಸಿಗದಿದ್ದರೂ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಿನಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರ ಕೋರಿ ಅರ್ಜಿ ಸಲ್ಲಿಸಬಹುದು. ಕಾನೂನು ನೆರವಿಗೆ 15100, ಮಕ್ಕಳ ರಕ್ಷಣೆಗೆ 1098 ಸಹಾಯವಾಣಿಗಳಿವೆ.

ಶರಣರು ಸಾರಿದ ಕಾಯಕದಲ್ಲಿ ಬಲಾತ್ಕಾರಕ್ಕೆ ಎಡೆಯಿಲ್ಲ. ದುಡಿಯುವವನಿಗೆ ಸ್ವಾತಂತ್ರ್ಯವಿದ್ದರಷ್ಟೇ ಅದು ಕಾಯಕ. ಆದುದರಿಂದ ಮರಳಿ ಬಂದವರನ್ನು ಅನುಮಾನದಿಂದ ಕಾಣದೆ, ಅವರ ಬಳಿ ಬಿಡುಗಡೆ ಪತ್ರವಿದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಉಪವಿಭಾಗಾಧಿಕಾರಿಗಳ ಕಚೇರಿಯವರೆಗೆ ಜೊತೆಗೆ ಹೋಗಿ ಬರುವುದು ಸದ್ಭಕ್ತರು ಮಾಡಬಹುದಾದ ನಿಜವಾದ ದಾಸೋಹ.